ಚೀಲದ ಸಸಾರಜನಕ, ಕೋಳಿಯ ಸಸಾರಜನಕ

ಮಿರಜ ತಾಲೂಕಿನ ಮಾಲಗಾಂವಕ್ಕೂ ನಮ್ಮ ಕಾಸರಗೋಡಿಗೂ ಅಂತರ ಬಹಳ. ಆದರೂ ಆ ಗಡಿಯ ಕನ್ನಡಿಗರ ಸ್ಥಿತಿಗತಿ ನಮಗೆ ಅಪರಿಚಿತವಲ್ಲ. ಅಲ್ಲಿ ಕಚೇರಿಯ ಭಾಷೆ ಮರಾಠಿ, ಇಲ್ಲಿ ಮಲಯಾಳ. ಸಾಂಗ್ಲಿ ಜಿಲ್ಲೆಯ ಹೊಲಗಳಲ್ಲಿ ಸೋಯಾ ಬೆಳೆಯುವವರಿಗೆ, ಅದರ ಹಿಂಡಿಯನ್ನು ಕೋಳಿಗೆ ಹಾಕುವವರಿಗೆ, ತಲಪಾಡಿ ದಾಟಿ ಬರುವ ಕೋಳಿಯನ್ನು ಕೊಳ್ಳುವ ನಮ್ಮ ಮನೆಗಳಿಗೂ ಸಂಬಂಧಪಟ್ಟ ವಿಷಯವೊಂದನ್ನು ಇಂದು ಪರಿಶೀಲಿಸುವುದು ಯುಕ್ತವೆಂದು ಭಾವಿಸುತ್ತೇವೆ. ಅದು ಮಾಂಸದ ಕೋಳಿಯ ಮೇವಿನಲ್ಲಿರುವ ಸಸಾರಜನಕದ ವಿಷಯ.

2021ರ ಆಗಸ್ಟಿನಲ್ಲಿ ಸೋಯಾಬೀನಿನ ಧಾರಣೆ ಕ್ವಿಂಟಾಲಿಗೆ 10,000 ರೂಪಾಯಿ ಮೀರಿತ್ತು. ಕೋಳಿ ಉದ್ಯಮದ ಕೂಗಿಗೆ ಮಣಿದ ಕೇಂದ್ರ ಸರಕಾರವು ಕುಲಾಂತರಿ ಸೋಯಾದ 12 ಲಕ್ಷ ಟನ್ ಹಿಂಡಿಯ ಆಮದಿಗೆ ಅನುಮತಿಯಿತ್ತಿತು. ಮೂರೇ ವರ್ಷದಲ್ಲಿ ಚಿತ್ರ ಬದಲಾಯಿತು. 2024ರ ಹಂಗಾಮಿಗೆ ನಿಗದಿಯಾದ ಬೆಂಬಲ ಬೆಲೆ 4,892 ರೂಪಾಯಿ. ಮಾರುಕಟ್ಟೆಯಲ್ಲಿ ರೈತನಿಗೆ ಅಷ್ಟೂ ಸಿಗಲಿಲ್ಲ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲೊಂದು ಹೊಸತು: ಅಕ್ಕಿ, ಮೆಕ್ಕೆಜೋಳಗಳಿಂದ ಎಥನಾಲ್ ತೆಗೆದ ಮೇಲೆ ಉಳಿಯುವ ಒಣ ಗಷ್ಟು. ಕಾರ್ಖಾನೆಗಳು ಹೆಚ್ಚಿದಂತೆ ಈ ಗಷ್ಟು ಅಗ್ಗವಾಗಿ ಮಾರುಕಟ್ಟೆಗೆ ಬಂದು ಸೋಯಾ ಹಿಂಡಿಯ ಜಾಗವನ್ನು ಆಕ್ರಮಿಸತೊಡಗಿತು. ಅಕ್ಕಿಯ ಗಷ್ಟಿನಲ್ಲಿ ಸಸಾರಜನಕ ಶೇ. 45ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ಸೋಯಾ ಹಿಂಡಿಯಷ್ಟೇ. ಹಾಗಾದರೆ ತಕರಾರೇನು ಎಂದು ಕೇಳಬಹುದು.

ತಕರಾರು ಇರುವುದು ಅಳತೆಯಲ್ಲಿ. ಸಾರಜನಕವುಳ್ಳದ್ದೆಂದೇ ಅದಕ್ಕೆ ಸಸಾರಜನಕವೆಂಬ ಹೆಸರು. ಪ್ರಯೋಗಶಾಲೆಯಲ್ಲಿಯೂ ಅಳೆಯುವುದು ಸಾರಜನಕವನ್ನೇ, ಅದನ್ನು 6.25ರಿಂದ ಗುಣಿಸಿ ಚೀಲದ ಮೇಲಿನ ಅಂಕಿಯನ್ನು ಪಡೆಯುತ್ತಾರೆ. ಯೂರಿಯಾ ಬೆರೆಸಿದರೂ ಈ ಅಂಕಿ ಏರುತ್ತದೆ! 2007ರಲ್ಲಿ ಚೀನದ ಗೋಧಿ ಗ್ಲೂಟನ್ನಿನಲ್ಲಿ ಮೆಲಮಿನ್ ಬೆರೆತು ಅಮೆರಿಕದಲ್ಲಿ ಸಾಕುನಾಯಿ, ಬೆಕ್ಕುಗಳು ಸತ್ತದ್ದು ಈ ಅಳತೆಯ ಕುರುಡುತನದಿಂದಲೇ.

ಕೋಳಿಗೆ ಬೇಕಾದುದು ಆ ಅಂಕಿಯಲ್ಲ, ಅಮೈನೋ ಆಮ್ಲಗಳು. ಮೆಕ್ಕೆಜೋಳ ಮತ್ತು ಸೋಯಾದ ಮೇವಿನಲ್ಲಿ ಮೊದಲು ಕೊರತೆಬೀಳುವುದು ಮೆಥಿಯೋನಿನ್, ಅದರ ಹಿಂದೆಯೇ ಲೈಸಿನ್. ಹಾಸುನೂಲು ಎಷ್ಟೇ ಇರಲಿ, ಹೊಕ್ಕುನೂಲು ಮುಗಿದರೆ ಮಗ್ಗ ನಿಲ್ಲುವುದಷ್ಟೆ? ಅದೇ ರೀತಿ ಒಂದು ಆಮ್ಲ ಕಡಿಮೆಯಾದರೆ ಉಳಿದವು ಮಾಂಸವಾಗಲಾರವು. ಕೋಳಿ ಅವುಗಳನ್ನು ಮುಂದಕ್ಕೆಂದು ಕೂಡಿಡಲಾರದು. ಒಡೆದು, ಸಾರಜನಕವನ್ನು ಯೂರಿಕ್ ಆಮ್ಲವಾಗಿ ಹಿಕ್ಕೆಯಲ್ಲಿ ಹೊರಹಾಕುತ್ತದೆ. ಶೆಡ್ಡಿಗೆ ಕಾಲಿಟ್ಟೊಡನೆ ಕಣ್ಣಿಗೆ ಹೊಡೆಯುವ ಅಮೋನಿಯಾದ ಘಾಟು ಅದರದೇ. ಕಾಸು ಕೊಟ್ಟು ಕೊಂಡ ಸಸಾರಜನಕವೇ ಅದು. ಎರಡು ಕಿಲೋ ತೂಗುವ ಕೋಳಿಯು ಸುಮಾರು ಮೂರೂಕಾಲು ಕಿಲೋ ಮೇವು ತಿಂದಿರುತ್ತದೆ. ಅದರಲ್ಲಿದ್ದ ಸಸಾರಜನಕ ಸುಮಾರು 650 ಗ್ರಾಂ, ಕೋಳಿಯ ಮೈಯಲ್ಲಿ ಉಳಿಯುವುದು ಸುಮಾರು 350 ಗ್ರಾಂ. ಮೇವು ಚೆನ್ನಾಗಿದ್ದಾಗಿನ ಮಾತಿದು.

ಗಷ್ಟನ್ನು ಒಣಗಿಸುವಾಗ ಬಿಸಿ ಮಿತಿಮೀರಿದರೆ ಲೈಸಿನ್ ಸಕ್ಕರೆಯ ಅಂಶದೊಡನೆ ಬೆಸೆದುಕೊಂಡು ಜೀರ್ಣವಾಗದ ಸ್ಥಿತಿಗೆ ಬರುತ್ತದೆ. ಚೀಲದ ಅಂಕಿ ಮಾತ್ರ ಕದಲುವುದಿಲ್ಲ. ಕಾಳಿನಲ್ಲಿ ಬೂಷ್ಟಿನ ವಿಷವಿದ್ದರೆ ಗಷ್ಟಿನಲ್ಲಿ ಅದು ಮೂರು ಪಟ್ಟಿನವರೆಗೂ ಸಾಂದ್ರವಾಗುತ್ತದೆ. ಹಾಗೆಂದು ಗಷ್ಟನ್ನೇ ತಿರಸ್ಕರಿಸಬೇಕೆಂದು ನಾವು ಹೇಳುವುದಿಲ್ಲ. ಹದವಾಗಿ ಒಣಗಿಸಿ, ಪರೀಕ್ಷಿಸಿ, ಕೊರತೆಯ ಆಮ್ಲಗಳನ್ನು ಸೇರಿಸಿ, ಮಿತಿಯಲ್ಲಿ ಬಳಸಿದರೆ ಅದು ಒಳ್ಳೆಯ ಮೇವೇ. ಸೋಯಾ ಕೂಡ ದೋಷರಹಿತವಲ್ಲ. ಹಸಿಯಾಗಿ ಹಾಕಿದರೆ ಅದರೊಳಗಿನ ಅಂಶವೊಂದು ಜೀರ್ಣಶಕ್ತಿಯನ್ನೇ ತಡೆಯುತ್ತದೆ.

ಆದರೆ ತಪ್ಪಿದಾಗ ನಷ್ಟ ಯಾರದು? ಕರಾರು ಸಾಕಣೆಯಲ್ಲಿ ಮರಿ, ಮೇವು, ಔಷಧ ಕಂಪೆನಿಯದು; ಶೆಡ್ಡು, ವಿದ್ಯುತ್ತು, ದುಡಿಮೆ ರೈತನದು. ಕಿಲೋ ತೂಕಕ್ಕೆ ಎಷ್ಟು ಮೇವು ಖರ್ಚಾಯಿತೆಂಬ ಲೆಕ್ಕದ ಮೇಲೆ ಅವನ ಕೂಲಿ ಏರುತ್ತದೆ, ಇಳಿಯುತ್ತದೆ. ಮೇವಿನ ಸತ್ವ ಕಂಪೆನಿಯ ಕೈಯಲ್ಲಿ, ಮೇವಿನ ಲೆಕ್ಕ ರೈತನ ತಲೆಯ ಮೇಲೆ! ಇದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಜೀರ್ಣವಾಗುವ ಲೈಸಿನ್, ಮೆಥಿಯೋನಿನ್‌ಗಳ ಪ್ರಮಾಣವನ್ನು ಚೀಲದ ಮೇಲೆ ಮುದ್ರಿಸುವುದನ್ನು ಕಡ್ಡಾಯಗೊಳಿಸಬೇಕು. ಪ್ರತಿ ಕಂತಿನ ಮೇವಿನ ಮಾದರಿಯೊಂದನ್ನು ಮೊಹರು ಹಾಕಿ ರೈತನ ಬಳಿ ಉಳಿಸಬೇಕು. ಕೂಲಿ ಕಡಿತವಾದರೆ ಅದನ್ನು ಪಶುವೈದ್ಯ ಕಾಲೇಜಿನ ಪ್ರಯೋಗಶಾಲೆಗೆ ಕಳುಹಿಸಲು ಅವನಿಗೆ ಹಕ್ಕಿರಬೇಕು. ಈ ಹಕ್ಕನ್ನು ಕರಾರು ಪತ್ರದಲ್ಲಿಯೇ ಬರೆದಿರಬೇಕು. ಆ ಪತ್ರ ಸಹಿ ಹಾಕುವವನು ಓದಬಲ್ಲ ಭಾಷೆಯಲ್ಲಿರಬೇಕು, ಮಾಲಗಾಂವದಲ್ಲಾದರೂ ಮಂಜೇಶ್ವರದಲ್ಲಾದರೂ.