ಹಿಮಕ್ಕೆಂದು ಬಂದರೆ ಒಂದೇ ಕಣಿವೆಯಲ್ಲಿ ಕೂರಿ

ಚಳಿಗಾಲದಲ್ಲಿ ಯುರೋಪಿಗೆ ಬರುವ ನಮ್ಮವರ ಪ್ಯಾಕೇಜ್ ಪಟ್ಟಿಯಲ್ಲಿ ಹಿಮಕ್ಕೆ ಸಿಗುವುದು ಅರ್ಧ ದಿನ. ಬೆಳಿಗ್ಗೆ ಬಸ್ಸು, ಮಧ್ಯಾಹ್ನ ಯುಂಗ್‌ಫ್ರಾವ್ ಕಡೆ ಒಂದಷ್ಟು ಫೋಟೊ, ಸಂಜೆ ಮತ್ತೆ ಬಸ್ಸು. ನಾನಿರುವುದು ಮ್ಯೂನಿಕ್‌ನಲ್ಲಿ. ದಸರಾ ಮುಗಿಯುತ್ತಿದ್ದಂತೆ ಬೆಂಗಳೂರು, ಮೈಸೂರಿನ ನೆಂಟರಿಂದ ಇಂಥ ಪಟ್ಟಿಗಳು ವಾಟ್ಸ್‌ಆ್ಯಪ್‌ಗೆ ಬಂದು ಬೀಳತೊಡಗುತ್ತವೆ. ‘ಸ್ವಲ್ಪ ನೋಡಿ ಹೇಳಮ್ಮ’ ಎಂಬ ಒಕ್ಕಣೆ ಬೇರೆ. ನೋಡಿ ಹೇಳುತ್ತೇನೆ: ಪಟ್ಟಿಯಲ್ಲಿರುವ ಊರುಗಳನ್ನೆಲ್ಲ ಹೊಡೆದುಹಾಕಿ, ಒಂದೇ ಕಣಿವೆಯಲ್ಲಿ ಆರು ರಾತ್ರಿ ಉಳಿದು, ಸ್ಕೀ ಕಲಿತುಕೊಂಡು ಹೋಗಿ.

ನಾನು ಹೆಸರಿಸುವ ಕಣಿವೆ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ತ್ಸಿಲ್ಲರ್‌ಟಾಲ್. ಮ್ಯೂನಿಕ್‌ನಿಂದ ರೈಲು ಹತ್ತಿದರೆ ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಯೆನ್‌ಬಾಖ್. ಮೂರು ಬೇರೆ ಬೇರೆ ಅಳತೆಯ ಹಳಿಗಳು ಕೂಡುವ ನಿಲ್ದಾಣ ಅದು. ಅವುಗಳಲ್ಲಿ ಎಲ್ಲಕ್ಕಿಂತ ಕಿರಿದಾದ, 760 ಮಿಲಿಮೀಟರಿನ ಹಳಿಯ ಮೇಲೆ ಕಣಿವೆಯ ಪುಟ್ಟ ರೈಲು ಕಾದಿರುತ್ತದೆ. 1902ರಿಂದ ಓಡುತ್ತಿರುವ ಇದು 32 ಕಿಲೋಮೀಟರ್ ದೂರದ ಮೈರ್‌ಹೋಫೆನ್ ಮುಟ್ಟಲು ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ. ದಾರಿಯಲ್ಲಿ ಫ್ಯೂಗೆನ್, ಕಾಲ್ಟೆನ್‌ಬಾಖ್, ತ್ಸೆಲ್. (ಕ್ರಿಸ್‌ಮಸ್‌ನ ‘ಸೈಲೆಂಟ್ ನೈಟ್’ ಹಾಡನ್ನು 1839ರಲ್ಲಿ ನ್ಯೂಯಾರ್ಕ್‌ವರೆಗೆ ಕೊಂಡೊಯ್ದ ರೈನರ್ ಗಾಯಕರು ಈ ಫ್ಯೂಗೆನ್‌ನವರು. ಪ್ರವಾಸಿಗಳು ಇಲ್ಲಿಗೆ ಬರುವುದಕ್ಕೆ ಬಹಳ ಮುಂಚೆ ಇಲ್ಲಿಯವರೇ ಕೈಗವಸು ಮಾರುತ್ತ, ಹಾಡುತ್ತ ಪರಊರು ತಿರುಗುತ್ತಿದ್ದರು.) ರೈಲನ್ನೇ ಏಕೆ ಒತ್ತಿ ಹೇಳುತ್ತೇನೆಂದರೆ, ಇಲ್ಲಿ ಬಾಡಿಗೆ ಮನೆಗಳೆಲ್ಲ ಸಾಮಾನ್ಯವಾಗಿ ಕೈ ಬದಲಾಗುವುದು ಶನಿವಾರ. ಅಂದು ಜರ್ಮನ್ನರು, ಡಚ್ಚರು ಎಲ್ಲ ಒಟ್ಟಿಗೆ ಕಾರು ಹೊರಡಿಸುತ್ತಾರೆ. ಕಣಿವೆಯ ಬಾಗಿಲಲ್ಲಿರುವ ಬ್ರೆಟ್‌ಫಾಲ್ ಸುರಂಗದ ಮುಂದೆ ಸಾಲು ನಿಂತುಬಿಡುತ್ತದೆ. ಹಿಮದ ರಸ್ತೆಯಲ್ಲಿ ಓಡಿಸಿ ಗೊತ್ತಿಲ್ಲದವರು ಬಾಡಿಗೆ ಕಾರಿನ ಆಸೆಯನ್ನೇ ಬಿಡಲಿ.

ಪ್ರಚಾರದ ಪುಸ್ತಿಕೆಗಳ ಮಾತಿಗೆ ಬರೋಣ. ಕಣಿವೆಯಲ್ಲಿ ಐನೂರು ಕಿಲೋಮೀಟರಿಗೂ ಹೆಚ್ಚು ಪಿಸ್ಟೆ, ಅಂದರೆ ಯಂತ್ರ ಹಾಯಿಸಿ ಹದಮಾಡಿದ ಇಳಿಜಾರು ಇದೆಯಂತೆ. ಎಲ್ಲ ಲಿಫ್ಟ್‌ಗಳಿಗೂ ಸೇರಿ ಒಂದೇ ‘ಸೂಪರ್‌ಸ್ಕೀಪಾಸ್’. ಪೆಂಕೆನ್ ಬೆಟ್ಟದಲ್ಲಿ ಶೇ 78ರಷ್ಟು ಕಡಿದಾದ ‘ಹರಾಕಿರಿ’ ಎಂಬ ಇಳಿಜಾರು. ಎಲ್ಲ ನಿಜವೇ. ಆದರೆ ಮೊದಲ ಸಲ ಸ್ಕೀ ತೊಟ್ಟವರಿಗೆ ಮೂರು ದಿನದ ಮಟ್ಟಿಗೆ ಬೇಕಾಗುವುದು ಇನ್ನೂರು ಮೀಟರ್ ಜಾಗ ಮತ್ತು ಒಬ್ಬ ತಾಳ್ಮೆಯ ಮೇಷ್ಟ್ರು. ಮೊದಲ ಬೆಳಿಗ್ಗೆಯೆಲ್ಲ ಆ ಗಟ್ಟಿ ಬೂಟು ಹಾಕಿ ನಡೆಯುವುದಕ್ಕೆ, ಬೀಳುವುದಕ್ಕೆ, ಬಿದ್ದಲ್ಲಿಂದ ಏಳುವುದಕ್ಕೆ ಹೋಗುತ್ತದೆ. ಮೇಷ್ಟ್ರು ಮಕ್ಕಳಿಗೆ ‘ಪಿಜ್ಜಾ’ ಎಂದು ಕೂಗಿದರೆ ಸ್ಕೀಗಳ ಮುಂದಿನ ತುದಿ ಹತ್ತಿರ ತಂದು ಹಿಂಬದಿ ಅಗಲಿಸಿ ವೇಗ ತಗ್ಗಿಸಬೇಕು. ‘ಪೊಮ್ಮೆಸ್’ ಎಂದರೆ ಆಲೂಗಡ್ಡೆ ಫ್ರೈಗಳ ಹಾಗೆ ಎರಡನ್ನೂ ನೇರ ಬಿಡಬೇಕು. ದೊಡ್ಡವರು ಕಲಿಯುವುದೂ ಇದನ್ನೇ, ಸ್ವಲ್ಪ ಹೆಚ್ಚು ನರಳುತ್ತ. ತಟ್ಟೆ ಲಿಫ್ಟ್ ಬಂದಾಗ ಅದರ ಮೇಲೆ ಕುಳಿತುಕೊಳ್ಳಬಾರದು, ಅದು ನಿಮ್ಮನ್ನು ನಿಂತಂತೆಯೇ ಎಳೆದೊಯ್ಯಲು ಬಿಡಬೇಕು ಎಂಬುದು ತಲೆಗೆ ಹೋಗಲು ನಮ್ಮ ಚಿಕ್ಕಪ್ಪನಿಗೆ ಒಂದಿಡೀ ಮಧ್ಯಾಹ್ನ ಬೇಕಾಯಿತು. ವಯಸ್ಕರ ಒಂದು ದಿನದ ಪಾಸೇ ಈಗ 70 ಯೂರೊ ಮೀರಿದೆ. ಆ ಹಣವನ್ನು ಸ್ಕೀ ಶಾಲೆಗೆ ಹಾಕಿ. ಮೊದಲ ದಿನಗಳಿಗೆ ಯಾವ ಲಿಫ್ಟ್‌ಗೆ ಟಿಕೆಟ್ ಬೇಕೆಂದು ಶಾಲೆಯವರನ್ನೇ ಕೇಳಿ.

ಕಣಿವೆಯ ತಳ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಷ್ಟೇ ಇದೆ. ಜನವರಿಯಲ್ಲೂ ಊರೊಳಗೆ ಹಸಿರು ಹುಲ್ಲು ಕಂಡು ಬಂದವರು ಗಾಬರಿಯಾಗುತ್ತಾರೆ. ಹಿಮ ಇರುವುದು ಮೇಲೆ. ಮೈರ್‌ಹೋಫೆನ್‌ನ ಆಹೋರ್ನ್ ಬೆಟ್ಟಕ್ಕೆ 160 ಮಂದಿಯನ್ನು ಒಟ್ಟಿಗೆ ಹೊರುವ ಕೇಬಲ್ ಕಾರು ಹೋಗುತ್ತದೆ; ಸುಮಾರು 2000 ಮೀಟರಿನಲ್ಲಿ ಬಿಸಿಲು ಬೀಳುವ, ಕಲಿಯುವವರಿಗೆ ಹೇಳಿಮಾಡಿಸಿದ ಬಯಲು. ಅಲ್ಲಿಂದ ಊರಿಗೆ ಸ್ಕೀಯಲ್ಲೇ ಇಳಿಯುವ ದಾರಿಯೂ ಇದೆ, ಆದರೆ ಹೊಸಬರಿಗಲ್ಲ. ಸಂಜೆ ಕೇಬಲ್ ಕಾರಿನಲ್ಲೇ ಇಳಿಯಿರಿ, ಯಾರೂ ನಗುವುದಿಲ್ಲ.

ತಿಂಗಳ ಲೆಕ್ಕವೇ ನಮ್ಮವರಿಗೆ ದೊಡ್ಡ ತೊಡಕು. ಇಲ್ಲಿ ಜನ ಕಡಿಮೆ, ಹಿಮ ಚೆನ್ನಾಗಿರುವ ಕಾಲ ಜನವರಿಯ ಎರಡನೇ ವಾರದಿಂದ ತಿಂಗಳ ಕೊನೆಯವರೆಗೆ. ಫೆಬ್ರುವರಿಯಲ್ಲಿ ಇಲ್ಲಿನ ಶಾಲೆಗಳಿಗೆ ರಜೆ, ಕಣಿವೆ ಕಿಕ್ಕಿರಿಯುತ್ತದೆ. ಮಾರ್ಚ್‌ನಲ್ಲಿ ಬಿಸಿಲು ಹಿತ, ಆದರೆ ಕರ್ನಾಟಕದ ಮಕ್ಕಳಿಗೆ ಪರೀಕ್ಷೆ. ಅವರಿಗೆ ಬಿಡುವಿರುವುದು ದಸರೆಯಲ್ಲಿ, ಕ್ರಿಸ್‌ಮಸ್ ವಾರದಲ್ಲಿ ಮತ್ತು ಏಪ್ರಿಲ್‌ನಿಂದಾಚೆಗೆ. ಕ್ರಿಸ್‌ಮಸ್ ವಾರದ ಬಾಡಿಗೆ ಕೇಳಿದರೆ ಎದೆ ಒಡೆಯುತ್ತದೆ. ಉಳಿದೆರಡು ಕಾಲಕ್ಕೆ ಈ ಕಣಿವೆಯಲ್ಲಿ ಒಂದು ಉತ್ತರವಿದೆ: ತುತ್ತತುದಿಯ ಹಿಂಟರ್‌ಟುಕ್ಸ್ ಹಿಮನದಿ. ಲಿಫ್ಟು 3250 ಮೀಟರಿನವರೆಗೆ ಏರುತ್ತದೆ, ಸ್ಕೀಯಿಂಗ್ ವರ್ಷವಿಡೀ ನಡೆಯುತ್ತದೆ. 1500 ಮೀಟರಿನ ಊರಿನಿಂದ ಅಷ್ಟೆತ್ತರಕ್ಕೆ ಒಮ್ಮೆಗೇ ಏರಿದರೆ ಕೆಲವರಿಗೆ ತಲೆನೋವು ಬರುತ್ತದೆ. ಹಾಗಾದರೆ 2100 ಮೀಟರಿನ ಸೊಮ್ಮರ್‌ಬೆರ್ಗ್‌ಆಲ್ಮ್ ನಿಲ್ದಾಣಕ್ಕೆ ಇಳಿದು ಕೂತರೆ ಸರಿ. ಈ ಹಿಮನದಿಯೂ ಆಲ್ಪ್ಸ್‌ನ ಉಳಿದವುಗಳಂತೆ ಕರಗುತ್ತಿದೆ. ಇವತ್ತಿನ ‘ವರ್ಷವಿಡೀ’ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆಂದು ನಾನು ನಂಬುವುದಿಲ್ಲ.

ಉಳಿಯಲು ಅಡುಗೆಮನೆಯಿರುವ ಬಾಡಿಗೆ ಫ್ಲಾಟೇ ಸರಿ, ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ. ಶುದ್ಧ ಸಸ್ಯಾಹಾರಿಗಳಿಗಂತೂ ಬೇರೆ ದಾರಿಯಿಲ್ಲ. ಬೆಟ್ಟದ ಹೋಟೆಲುಗಳಲ್ಲಿ ‘ಕಾಸ್‌ಪ್ರೆಸ್‌ಕ್ನೋಡೆಲ್’ ಸೂಪ್ ಎಂದು ಕೊಡುತ್ತಾರೆ: ಚೀಸ್ ಹಾಕಿ ತಟ್ಟಿ ಕರಿದ ಉಂಡೆ, ನೋಡಿದರೆ ನಿರಪಾಯ. ಆದರೆ ಅದು ತೇಲುವ ಸಾರು ಸಾಮಾನ್ಯವಾಗಿ ದನದ ಮಾಂಸದ್ದು. ಸಾರು ಬೇಡ, ಸಲಾಡ್ ಜೊತೆ ಕೊಡಿ ಎಂದರೆ ಕೊಡುತ್ತಾರೆ. ಕೈಸರ್‌ಶ್ಮಾರ್ನ್ ಸಿಹಿ ಬಲು ರುಚಿ, ಮೊಟ್ಟೆ ತಿನ್ನುವವರಿಗೆ. ರಾತ್ರಿಗೆ ಅನ್ನ, ಊರಿಂದ ತಂದ ಹುಳಿಪುಡಿ, ಬಿಸಿನೀರಲ್ಲಿ ಕಾಲು.

ಇಷ್ಟು ದುಬಾರಿಯ ಆಟ ನಮಗೇಕೆ ಎನ್ನುವವರಿದ್ದಾರೆ. ಬರೀ ಸ್ಕೀ ಕಲಿಯುವುದಷ್ಟೇ ಆಸೆಯಾದರೆ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿ. ಅಲ್ಲಿ ಕೇಂದ್ರ ಸರ್ಕಾರದ ಸ್ಕೀಯಿಂಗ್ ಸಂಸ್ಥೆಯೇ ಇದೆ, ಖರ್ಚು ಎಷ್ಟೋ ಕಡಿಮೆ. ಹೇಗೂ ಯುರೋಪಿಗೇ ಬರುತ್ತೇವೆ ಎಂದು ಗಟ್ಟಿ ಮಾಡಿಕೊಂಡವರಿಗಷ್ಟೇ ನನ್ನ ಮಾತು.

ಅಂಥವರು ಟಿಕೆಟ್ ಕೊಳ್ಳುವ ಮುನ್ನ ವಿಮೆಯ ಕಾಗದವನ್ನು ಕೊನೆಯ ಪುಟದವರೆಗೆ ಓದಬೇಕು. ಷೆಂಗೆನ್ ವೀಸಾಕ್ಕೆ 30,000 ಯೂರೊ ಮೊತ್ತದ ವಿಮೆ ಇದ್ದರೆ ಸಾಕು. ಆದರೆ ಹಾಗೆ ಕೊಳ್ಳುವ ಅಗ್ಗದ ಪಾಲಿಸಿಗಳಲ್ಲಿ ಎಷ್ಟೋ ‘ಸಾಹಸ ಕ್ರೀಡೆ’ಗಳನ್ನು ಹೊರಗಿಟ್ಟಿರುತ್ತವೆ. ಕಾಲು ಮುರಿದು ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸಿದರೆ ಸಾವಿರಾರು ಯೂರೊಗಳ ಬಿಲ್ಲು ಬರುವುದು ನಿಮ್ಮ ಹೆಸರಿಗೇ. ಸ್ಕೀಯಿಂಗ್ ಮತ್ತು ಬೆಟ್ಟದ ರಕ್ಷಣಾ ವೆಚ್ಚ ಎರಡೂ ಸೇರಿವೆ ಎಂದು ಏಜೆಂಟರಿಂದ ಬರೆಸಿಕೊಳ್ಳಿ, ಆಮೇಲೆ ವಿಮಾನ ನೋಡಿ.