ಕಾಕಾನ ಅಂಗಡಿ ಬಿಲ್ಲು ಇಂಗ್ಲಿಷಾಗಿದ್ದು ಯಾಕೆ?

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಆಫೀಸಿನಲ್ಲಿ ಕೆಲಸ ಜಾಸ್ತಿ ಅಂತ ನೆಪ ಹೇಳಬಹುದು, ನಿಜ ಏನಂದ್ರೆ ಸೋಮಾರಿತನ :-) ಈಗ ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ೨೦೨೫ರ ದೀಪಾವಳಿ.

ನಮ್ಮೂರು ನವಲಗುಂದ. ಕಾಕಾಂದು ಅಲ್ಲಿ ಬೀಜ-ಗೊಬ್ಬರದ ಅಂಗಡಿ. ಲಕ್ಷ್ಮೀಪೂಜೆ ದಿನ ಖಾತೆ ಪುಸ್ತಕದ ಜೊತೆ ಕಂಪ್ಯೂಟರಿಗೂ ಅರಿಶಿನ ಕುಂಕುಮ ಬೀಳುತ್ತೆ. ಈ ಸಲ ಹೋಗಿ ನೋಡಿದ್ರೆ ಹಳೇ ಕಂಪ್ಯೂಟರ್ ಮೂಲೆ ಸೇರಿತ್ತು. ಟೇಬಲ್ ಮೇಲೆ ಹೊಸದು ಬಂದಿತ್ತು, ಪಕ್ಕದಲ್ಲಿ ಅಂಗೈ ಅಗಲದ ಥರ್ಮಲ್ ಪ್ರಿಂಟರು. ಕಾಕಾ ಒಂದು ಬಿಲ್ಲು ಹರಿದು ನನ್ನ ಕೈಗಿಟ್ಟು, "ತಮ್ಮಾ, ನೀ ಇಂಜಿನಿಯರ್ ಅದಿಯಲ್ಲ, ಇದನ್ನ ಕನ್ನಡದಾಗ ಬರೂಹಂಗ ಮಾಡಿಕೊಡು" ಅಂದ್ರು. ಐದು ನಿಮಿಷದ ಕೆಲಸ ಅಂದುಕೊಂಡೆ. ನಾಲ್ಕು ದಿನದ ರಜೆ ಅದರಲ್ಲೇ ಮುಗೀತು.

ಮೊದಲು ಹಳೇದರ ಕಥೆ ಹೇಳ್ತೀನಿ. ಅದನ್ನು ೨೦೦೪ರಲ್ಲಿ ಹುಬ್ಬಳ್ಳಿಯ ಒಬ್ಬ ಹುಡುಗ ವಿಬಿ ೬ರಲ್ಲಿ ಬರೆದುಕೊಟ್ಟಿದ್ದ. ಹಿಂದೆ ಒಂದು ಆಕ್ಸೆಸ್ ಫೈಲು, ಮುಂದೆ ಬೂದು ಬಣ್ಣದ ನಾಲ್ಕು ಫಾರ್ಮು, ಅಕ್ಷರಕ್ಕೆ ನುಡಿ ಫಾಂಟು. ಅಷ್ಟೇ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಊರಿಗೆಲ್ಲ ಕೇಳೋ ಹಾಗೆ ಕಿರುಚಿಕೊಂಡು ಬಿಲ್ಲು ಕೊಡ್ತಿತ್ತು. ಅದರಲ್ಲಿ ರೈತನ ಹೆಸರು, ಊರು, ಕಡಲಿ ಬೀಜ ಎಷ್ಟು ಚೀಲ, ಎಷ್ಟು ರೊಕ್ಕ, ಎಷ್ಟು ಉದ್ರಿ... ಎಲ್ಲಾ ಕನ್ನಡದಲ್ಲೇ. ನಾನು ಕಾಲೇಜಿನಲ್ಲಿದ್ದಾಗ ಒಮ್ಮೆ ಅಣ್ಣಿಗೇರಿ ಕಡೆಯ ಅಜ್ಜ ಒಬ್ಬರು ಆ ಬಿಲ್ಲನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ಓದಿ, "ಸಾವ್ಕಾರ್ರ, ಇಲ್ಲಿ ಒಂದು ಚೀಲ ಹೆಚ್ಚಿಗಿ ಬಿದ್ದೈತ್ರೀ" ಅಂದಿದ್ರು. ಹೌದು, ಬಿದ್ದಿತ್ತು. ಕಾಕಾ ನಾಚಿಕೊಂಡು ತಿದ್ದಿದ್ರು. ಸುಗ್ಗಿ ಬಂದ ಮೇಲೆ ತೀರಿಸೋ ಉದ್ರಿಗೆ ರೈತನ ಕೈಯಲ್ಲಿ ಇರೋ ಲೆಕ್ಕ ಆ ಚೀಟಿ ಒಂದೇ.

ಹೊಸ ತಂತ್ರಾಂಶ ಕ್ಲೌಡ್‌ನಲ್ಲಿದೆ. ವರ್ಷಕ್ಕಿಷ್ಟು ಅಂತ ಚಂದಾ. ಬಿಲ್ಲು ಪೂರ್ತಿ ಇಂಗ್ಲಿಷು. "ಹಳೇದು ವಿಂಡೋಸ್ ೧೧ರಾಗ ನಡ್ಯಂಗಿಲ್ರೀ" ಅಂತ ಹೇಳಿಯೇ ಮಾರಿದ್ದಾರೆ. ನಾನು ಹಳೇ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ತಂದು ಹೊಸ ಕಂಪ್ಯೂಟರಿಗೆ ಹಾಕಿದೆ. ಒಂದೆರಡು ಓಸಿಎಕ್ಸ್ ಫೈಲು ರಿಜಿಸ್ಟರ್ ಮಾಡಿದ ಮೇಲೆ ನಡೀತು! ವಿಬಿ ೬ರಲ್ಲಿ ಪ್ರೋಗ್ರಾಂ ಬರೆಯೋ ಉಪಕರಣಕ್ಕೆ ಮೈಕ್ರೋಸಾಫ್ಟ್ ೨೦೦೮ರ ಏಪ್ರಿಲ್‌ನಲ್ಲೇ ಬೆಂಬಲ ನಿಲ್ಲಿಸಿದೆ, ಆದ್ರೆ ಬರೆದಿಟ್ಟ ಪ್ರೋಗ್ರಾಂ ಓಡಿಸೋ ರನ್‌ಟೈಮು ವಿಂಡೋಸ್ ೧೧ರ ಜೊತೆಗೂ ಬರುತ್ತೆ. ಡಾಸ್ ಕಾಲದ ಫಾಕ್ಸ್‌ಪ್ರೋ ಆಗಿದ್ರೆ ಮಾತು ಬೇರೆ. ಆ ೧೬ ಬಿಟ್ ಪ್ರೋಗ್ರಾಂಗಳು ೬೪ ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡೋದೇ ಇಲ್ಲ.

ಹಾಗಾದ್ರೆ ಮಾರೋರಿಗೆ ಹೊಸದೇ ಯಾಕೆ ಬೇಕು? ಅವರನ್ನು ಬೈದು ಕೈತೊಳ್ಕೊಳ್ಳೋದು ಸುಲಭ. ಆದ್ರೆ ಬೆಂಗಳೂರಿನಲ್ಲಿ ನನ್ನ ಹೊಟ್ಟೆಪಾಡೂ ಇದೇ, ಹಳೇ ವಿಬಿ ಕೋಡನ್ನು ಡಾಟ್‌ನೆಟ್‌ಗೆ ಸಾಗಿಸೋದು. ಆದ್ದರಿಂದ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಒಂದು ಕಾರಣ ನಾವೇ. ವಿಬಿ ೬ ಗೊತ್ತು ಅಂತ ರೆಸ್ಯೂಮೆಯಲ್ಲಿ ಬರೆದ್ರೆ ಸಂದರ್ಶನಕ್ಕೂ ಕರೆಯಲ್ಲ, ಹಾಗಾಗಿ ಯಾರೂ ಕಲಿಯಲ್ಲ. ಕಲಿತವರಿಲ್ಲದ ಭಾಷೆಯಲ್ಲಿ ಯಾವ ಕಂಪನಿ ಸರಕು ಇಟ್ಟುಕೊಳ್ಳುತ್ತೆ? ಇನ್ನೊಂದು ಚಂದಾ ದುಡ್ಡು. ಹುಬ್ಬಳ್ಳಿ ಹುಡುಗನಿಗೆ ಕಾಕಾ ಒಂದೇ ಸಲ ದುಡ್ಡು ಕೊಟ್ಟಿದ್ದು, ಆಮೇಲೆ ಅವನು ಬಂದಾಗ ಚಹಾ ಮಾತ್ರ :-) ಅವನು ಈ ಧಂದೆ ಬಿಟ್ಟಿದ್ದರಲ್ಲಿ ಆಶ್ಚರ್ಯ ಇಲ್ಲ.

ಮೂರನೇ ಕಾರಣ ನನಗೂ ಒಪ್ಪಿಗೆ. ೨೦೧೭ರ ಜುಲೈ ೧ಕ್ಕೆ ಜಿಎಸ್‌ಟಿ ಬಂತು. ೨೦೨೫ರ ಸೆಪ್ಟೆಂಬರ್ ೨೨ಕ್ಕೆ ದರ ಮತ್ತೆ ಬದಲಾಯ್ತು, ಸೂಕ್ಷ್ಮ ಪೋಷಕಾಂಶದ ಗೊಬ್ಬರ ಶೇಕಡಾ ೧೨ರಿಂದ ೫ಕ್ಕೆ ಇಳೀತು. ಇಂಥದ್ದಾದಾಗ ಕ್ಲೌಡ್‌ನವರು ಒಂದು ಕಡೆ ಕೂತು ತಿದ್ದಿದ್ರೆ ಎಲ್ಲಾ ಅಂಗಡಿಗೂ ತಲುಪುತ್ತೆ. ಹಳೇದಾದ್ರೆ ನವಲಗುಂದ, ಕುಂದಗೋಳ, ಕಲಘಟಗಿ ಅಂತ ಒಂದೊಂದು ಅಂಗಡಿಗೂ ಬಸ್ಸು ಹತ್ತಿ ಹೋಗಬೇಕು. ತಿದ್ದಬೇಕಂದ್ರೆ ಸೋರ್ಸ್ ಕೋಡ್ ಬೇರೆ ಇರಬೇಕು. ಕಾಕಾನ ಹತ್ತಿರ ಅದು ಇರಲೇ ಇಲ್ಲ.

ಇಷ್ಟೆಲ್ಲಾ ಒಪ್ಪಿಕೊಂಡ ಮೇಲೂ ನನಗೆ ಸಿಟ್ಟು ಬಂದಿದ್ದು ಕನ್ನಡದ ವಿಷಯಕ್ಕೆ. ನಿಜ ಹೇಳಬೇಕಂದ್ರೆ ವಿಬಿ ೬ಕ್ಕೆ ಕನ್ನಡ ಬರುತ್ತಲೇ ಇರಲಿಲ್ಲ. ಅದರ ಟೆಕ್ಸ್ಟ್ ಬಾಕ್ಸು ಹಳೇ ಆನ್ಸಿ ಕೋಡ್‌ಪೇಜ್ ನಂಬಿದ್ದು, ವಿಂಡೋಸ್‌ನಲ್ಲಿ ಕನ್ನಡಕ್ಕೆ ಅಂಥ ಕೋಡ್‌ಪೇಜೇ ಇಲ್ಲ. ಹಾಗಾಗಿ ಆ ಹುಡುಗ ನಮಗೆಲ್ಲ ಗೊತ್ತಿರೋ ಉಪಾಯ ಮಾಡಿದ್ದ. ಒಳಗೆ ಇಂಗ್ಲಿಷ್ ಸಂಕೇತ, ಮೇಲೆ ನುಡಿ ಫಾಂಟಿನ ಅಂಗಿ. ಫಾಂಟ್ ತೆಗೆದ್ರೆ ಅಕ್ಷರಕ್ಕೆಲ್ಲ ಟೋಪಿ, ಬಾಲ ಬಂದು ಗೊಂದಲ. ಊರಿನ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಅಂದ್ರೆ ಯಾವುದೋ ಕ್ರಮದಲ್ಲಿ ಜೋಡಿಸೋದು. ಡಾಟ್‌ನೆಟ್, ಜಾವಾ, ಇವತ್ತಿನ ಯಾವುದೇ ವೆಬ್ ವೇದಿಕೆ ತಗೊಳ್ಳಿ, ಯೂನಿಕೋಡ್ ಹುಟ್ಟಿನಿಂದಲೇ ಇದೆ. ಅಂದ್ರೆ ಹೊಸ ವೇದಿಕೆಗೆ ಹೋಗೋಕೆ ನಮ್ಮಂಥವರಿಗೆ ಇರೋ ದೊಡ್ಡ ಕಾರಣವೇ ಕನ್ನಡ. ಮಾರೋರು ಹೊಸ ವೇದಿಕೆಗೆ ಹೋದ್ರು, ಕನ್ನಡವನ್ನು ಮಾತ್ರ ಹಳೇ ಮನೆಯಲ್ಲೇ ಬಿಟ್ಟು ಹೋದ್ರು. ಬರದ ಉಪಕರಣದಲ್ಲಿ ಒಬ್ಬ ಹುಡುಗ ಹೇಗೋ ಮಾಡಿ ಕನ್ನಡ ತಂದ, ಬರೋ ಉಪಕರಣ ಇಟ್ಟುಕೊಂಡ ಕಂಪನಿಗೆ ಬೇಡವಾಯ್ತು.

ಫೋನ್ ಮಾಡಿ ಕೇಳಿದೆ. "ಸರ್, ಅದು ಕಸ್ಟಮೈಸೇಶನ್, ಚಾರ್ಜ್ ಆಗುತ್ತೆ" ಅಂದ್ರು. ದೇಶಕ್ಕೆಲ್ಲ ಒಂದೇ ಸರಕು ಮಾರೋರಿಗೆ ನವಲಗುಂದದ ಅಂಗಡಿ ಒಂದು ಸಾಲು ಮಾತ್ರ. "ಬೇರೆ ಯಾರೂ ಕೇಳಿಲ್ಲ ಸರ್" ಅಂತಾನೂ ಅಂದ್ರು. ಇದು ಮಾತ್ರ ಚುಚ್ಚಿತು, ಯಾಕಂದ್ರೆ ಸುಳ್ಳಿರಲಿಕ್ಕಿಲ್ಲ. ಕಾಕಾ ಕೂಡ ಅವರನ್ನು ಕೇಳಿರಲಿಲ್ಲ, ನನ್ನನ್ನು ಕೇಳಿದ್ರು.

ರಜೆಯಲ್ಲಿ ಹಳೇ ಖಾತೆಯ ಹೆಸರುಗಳನ್ನೆಲ್ಲ ಯೂನಿಕೋಡಿಗೆ ತಂದೆ. ಅರ್ಕಾವತ್ತು ಜೀವ ತಿಂತು. ನುಡಿಯಲ್ಲಿ ಅದು ಅಕ್ಷರದ ಆಮೇಲೆ ಕೂರುತ್ತೆ, ಯೂನಿಕೋಡಿನಲ್ಲಿ ರಕಾರ ಮೊದಲೇ ಬರಬೇಕು. ಬರ್ಮಪ್ಪ, ಧರ್ಮಣ್ಣ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿ ತಿದ್ದಿದೆ. ಆಮೇಲೆ ಪ್ರಿಂಟರಿನ ಗೋಳು. ಈ ಥರ್ಮಲ್ ಪ್ರಿಂಟರಿನ ಒಳಗಿರೋ ಫಾಂಟಿನಲ್ಲಿ ಕನ್ನಡ ಇಲ್ಲ, ಬಿಲ್ಲನ್ನು ಚಿತ್ರ ಮಾಡಿ ಕಳಿಸಬೇಕು. ಅದು ನನ್ನಿಂದ ಆಗುತ್ತೆ, ಆದ್ರೆ ಕಂಪನಿಯ ತಂತ್ರಾಂಶ ಅದಕ್ಕೆ ಬಾಗಿಲು ತೆಗೀಬೇಕಲ್ಲ? ನಿಮ್ಮಲ್ಲಿ ಯಾರಾದ್ರೂ ಇಂಥದ್ದು ಮಾಡಿದ್ರೆ ಕಮೆಂಟಿನಲ್ಲಿ ತಿಳಿಸಿ. ನಿಮ್ಮೂರ ಅಂಗಡಿಯವರು ಇಂಥ ತಂತ್ರಾಂಶ ಕೊಂಡಿದ್ರೆ ಅವರ ಪರವಾಗಿ ಒಂದು ಫೋನ್ ಮಾಡಿ ಕೇಳಿ, "ಯಾರೂ ಕೇಳಿಲ್ಲ" ಅನ್ನೋದಾದ್ರೂ ನಿಲ್ಲಲಿ.

ನಾನು ಬೆಂಗಳೂರಿನ ಬಸ್ಸು ಹತ್ತೋ ದಿನ ಕಾಕಾ ಇಂಗ್ಲಿಷ್ ಬಿಲ್ಲು ಹರಿದು, ಅದರ ಹಿಂದೆ ಪೆನ್ನಿನಿಂದ ಕನ್ನಡದಲ್ಲಿ ಚೀಲದ ಲೆಕ್ಕ ಬರೆದು ಕೊಡ್ತಾ ಕೂತಿದ್ರು.