ಶಿಬಿರದ ಬಳಗ



ವೈಶಾಖದ ಬಿಸಿಲು ಏರತೊಡಗಿತೆಂದರೆ ನಮ್ಮ ಮನಸ್ಸು ಶಾಲೆಗಳ ಬರಿದಾದ ಅಂಗಳಗಳತ್ತ ಹೊರಳುತ್ತದೆ. ಪರೀಕ್ಷೆಗಳು ಮುಗಿದು, ಗಂಟೆಯ ಸದ್ದಡಗಿ, ಬೇವಿನ ಗಿಡದ ನೆರಳಷ್ಟೇ ಉಳಿದಿರುವ ಅಂಥ ಅಂಗಳಗಳಲ್ಲಿ ನಾವು ನಮ್ಮ ಪ್ರಾಯದ ಎಂಟು ಬೇಸಿಗೆಗಳನ್ನು ಕಳೆದೆವು. 1986ರಿಂದ 1993ರವರೆಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗಗಳಲ್ಲಿ ಸರದಿಯ ಮೇಲೆ ಮಕ್ಕಳ ಬೇಸಿಗೆ ಶಿಬಿರವೊಂದು ನಡೆಯುತ್ತಿತ್ತು. ಒಂದೊಂದು ಊರಿಗೆ ಎರಡೆರಡು ಸಲ ಅದರ ಭಾಗ್ಯ ಒದಗಿತು. ಊರ ಹಿರಿಯರು ಕಾಳುಕಡಿ ಕೂಡಿಸಿ ಕೊಡುತ್ತಿದ್ದರು. ಶಾಲೆಯವರು ಕೋಣೆಗಳ ಕೀಲಿಕೈ ಒಪ್ಪಿಸುತ್ತಿದ್ದರು. ಎಪ್ಪತ್ತು ಮಕ್ಕಳು ಹದಿನೈದು ದಿನ ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ಆಟ-ಪಾಠ-ಹಾಡುಗಳಲ್ಲಿ ದಿನ ಕಳೆಯುತ್ತಿದ್ದರು. ಉಗ್ರಾಣ ಮತ್ತು ಲೆಕ್ಕಪತ್ರದ ಹೊಣೆ ನಮ್ಮದಾಗಿತ್ತು.

ಈ ತಿಂಗಳು ಆ ಶಿಬಿರದ ಬಳಗವನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ. ಶಿಬಿರಕ್ಕೆ ಬಂದ ಮಕ್ಕಳ ವಿಷಯವನ್ನು ಬರೆಯುವವರು ಬಹಳ ಮಂದಿ. ಆ ಮಕ್ಕಳನ್ನು ನೋಡಿಕೊಂಡವರ ನಡುವೆ ಬೆಳೆದ ಸ್ನೇಹ, ಅದು ಮೂವತ್ತು ವರ್ಷಗಳ ಮೇಲೂ ಬಾಡದೆ ಉಳಿದ ಬಗೆ, ಆ ಸ್ನೇಹದಲ್ಲಿ ನಮ್ಮಿಂದಾದ ಒಂದು ಲೋಪ, ಇವನ್ನು ತಮ್ಮೆದುರು ಹೇಳಿಕೊಳ್ಳುವುದು ನಮ್ಮ ಉದ್ದೇಶ.

ಬೇಸಿಗೆ ಶಿಬಿರವೆಂಬುದು ಇಂದು ನಿನ್ನೆಯದಲ್ಲ. ಅಮೆರಿಕೆಯ ಕನೆಕ್ಟಿಕಟ್ ಪ್ರಾಂತದಲ್ಲಿ ಫ್ರೆಡರಿಕ್ ಗನ್ ಎಂಬ ಶಿಕ್ಷಕರು 1861ರಲ್ಲಿ ತಮ್ಮ ಶಾಲೆಯ ಹುಡುಗರನ್ನು ಕಡಲ ದಂಡೆಗೆ ನಡೆಸಿಕೊಂಡು ಹೋಗಿ ಎರಡು ವಾರ ಡೇರೆಗಳಲ್ಲಿ ಇರಿಸಿದರು. 1907ರಲ್ಲಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಶಿಬಿರದಿಂದ ಸ್ಕೌಟ್ ಚಳವಳಿ ಹುಟ್ಟಿತು. ನಮ್ಮ ಭಾಗಕ್ಕೆ ಶಿಬಿರದ ಶಿಸ್ತನ್ನು ಕಲಿಸಿದವರಲ್ಲಿ ಡಾ. ನಾ. ಸು. ಹರ್ಡೀಕರರು ಪ್ರಮುಖರು. 1923ರಲ್ಲಿ ಅವರು ಕಟ್ಟಿದ ಹಿಂದೂಸ್ತಾನಿ ಸೇವಾದಳಕ್ಕೆ ಹುಬ್ಬಳ್ಳಿಯೇ ಕೇಂದ್ರವಾಗಿತ್ತು. ಮರುವರ್ಷ, 1924ರ ಡಿಸೆಂಬರಿನಲ್ಲಿ, ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನೆರೆದಾಗ ಹರ್ಡೀಕರರ ಸ್ವಯಂಸೇವಕರು ಹಗಲಿರುಳು ದುಡಿದರು. ಉಮಾಬಾಯಿ ಕುಂದಾಪುರ ಅವರು ಸ್ವಯಂಸೇವಿಕೆಯರನ್ನು ಕೂಡಿಸಿದರು. ಕಾಕಾ ಕಾಲೇಲಕರರು ಸ್ವಚ್ಛತೆಯ ಹೊಣೆ ಹೊತ್ತರು; ಪರರು ಮುಟ್ಟಲು ಅಳುಕುವ ಕೆಲಸವನ್ನು ಅವರ ತಂಡದ ತರುಣರು ತಾವಾಗಿಯೇ ಕೈಗೆತ್ತಿಕೊಂಡರು. ಶಿಬಿರದಲ್ಲಿ ಮೇಲು ಕೆಲಸ, ಕೀಳು ಕೆಲಸ ಎಂಬುದಿಲ್ಲ ಎಂಬ ಈ ಪಾಠವನ್ನು ನಾವು ಪ್ರತಿವರ್ಷ ಮಕ್ಕಳಿಗೆ ಹೇಳುತ್ತಿದ್ದೆವು. ನಾವು ಅದನ್ನು ಎಷ್ಟರಮಟ್ಟಿಗೆ ಕಲಿತಿದ್ದೆವು ಎಂಬುದು ಮುಂದಿನ ಮಾತು.

ನಮ್ಮ ಬಳಗದಲ್ಲಿ ರಾಮದುರ್ಗದ ಡ್ರಿಲ್ ಮಾಸ್ತರರಿದ್ದರು. ನಸುಕಿನ ಐದು ಗಂಟೆಗೆ ಅವರ ಸೀಟಿ ಕೇಳಿದರೆ ಮಕ್ಕಳಿಗಿಂತ ಮೊದಲು ನಾವು ಬೆಚ್ಚಿ ಏಳುತ್ತಿದ್ದೆವು. ಬೈಲಹೊಂಗಲದ ಅಕ್ಕೋರು ಹಾಡು ಕಲಿಸುತ್ತಿದ್ದರು. ಕಿತ್ತೂರಿನ ಚಿತ್ರಕಲಾ ಮಾಸ್ತರರು ಕೆರೆಯ ಮಣ್ಣು ತಂದು ಎತ್ತು, ಕುದುರೆ, ಆನೆಗಳನ್ನು ಮಾಡಿಸುತ್ತಿದ್ದರು. ಸವದತ್ತಿಯ ಕಡೆಯ ಇಬ್ಬರು ತರುಣ ಶಿಕ್ಷಕರು ಮಕ್ಕಳಿಗೆ ಈಜು ಕಲಿಸುವರು, ರಾತ್ರಿ ಕಥೆ ಹೇಳುವರು, ಜ್ವರ ಬಂದ ಮಗುವಿನ ಹಾಸಿಗೆಯ ಬಳಿ ಬೆಳಗಾಗುವವರೆಗೆ ಕೂಡುವರು. ಹೀಗೆ ಒಟ್ಟು ಹನ್ನೊಂದು ಜನ ಎಂದು ನಮ್ಮ ಹಾಜರಿ ಪುಸ್ತಕ ಹೇಳುತ್ತದೆ.

ನಾಲ್ಕು ಊರುಗಳಿಗೂ ಅವುಗಳದೇ ಆದ ನೆನಪುಗಳಿವೆ. ಬೈಲಹೊಂಗಲದಲ್ಲಿ ರಾಣಿ ಚನ್ನಮ್ಮನ ಸಮಾಧಿಯ ಸುತ್ತ ಮಕ್ಕಳು ಕಸ ಗುಡಿಸಿ ನೀರು ಹೊಡೆಯುತ್ತಿದ್ದರು. ಸೆರೆಯಲ್ಲಿಯೇ 1829ರ ಫೆಬ್ರುವರಿಯಲ್ಲಿ ಆಕೆ ಅಲ್ಲಿ ಕೊನೆಯುಸಿರೆಳೆದ ಸಂಗತಿಯನ್ನು ಅಕ್ಕೋರು ಹೇಳುವಾಗ ತುಂಟ ಹುಡುಗರೂ ಸುಮ್ಮನಾಗುತ್ತಿದ್ದರು. ರಾಮದುರ್ಗದಲ್ಲಿ ಶಿಬಿರವಿದ್ದಾಗ ಸುರೇಬಾನದ ಶಬರಿಕೊಳ್ಳಕ್ಕೆ ನಡೆದು, ಬಿಸಿಲಿನಲ್ಲಿ ಬೆಂದ ಕಾಲುಗಳನ್ನು ಅಲ್ಲಿಯ ನೀರಿನಲ್ಲಿ ಇಳಿಬಿಡುತ್ತಿದ್ದೆವು. ಸವದತ್ತಿಯಲ್ಲಿದ್ದಾಗ ನವಿಲುತೀರ್ಥದ ಅಣೆಕಟ್ಟು ತೋರಿಸದೆ ಶಿಬಿರ ಮುಗಿಯುತ್ತಿರಲಿಲ್ಲ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಸಂಗೊಳ್ಳಿಯ ಮಗ್ಗುಲಲ್ಲಿ ಹರಿದು, ಇಲ್ಲಿ ಗುಡ್ಡಗಳ ನಡುವೆ ತಡೆದು ನಿಂತು, ರಾಮದುರ್ಗವನ್ನು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಳು ಎಂದು ಹೇಳಿ, ನಾವೆಲ್ಲ ಒಂದೇ ಹೊಳೆಯ ನೀರು ಕುಡಿದವರು ಎಂದು ಮಾತು ಮುಗಿಸುತ್ತಿದ್ದೆವು.

ಕಿತ್ತೂರಿನ ನೆನಪು ಮತ್ತೂ ಬೇರೆ. ಕೋಟೆಯೊಳಗಿನ ಅರಮನೆಯ ಅವಶೇಷದಲ್ಲಿ ಧ್ರುವ ನಕ್ಷತ್ರ ನೋಡುವುದಕ್ಕೆಂದು ಬಿಟ್ಟ ಕಿಂಡಿಯೊಂದನ್ನು ತೋರಿಸುವ ವಾಡಿಕೆಯಿದೆ. ಒಬ್ಬ ಬಾಲಕ ಅದಕ್ಕೆ ಕಣ್ಣಿಟ್ಟು, “ಇಲ್ಲಿ ಏನೂ ಕಾಣೂದಿಲ್ರಿ ಸರ” ಎಂದ. “ಈಗ ಹಗಲೈತಪಾ. ಚಿಕ್ಕಿ ಎಲ್ಲೂ ಹೋಗಿಲ್ಲ, ಅಲ್ಲೇ ಐತಿ” ಎಂದು ಚಿತ್ರಕಲಾ ಮಾಸ್ತರರು ಉತ್ತರ ಕೊಟ್ಟರು. ಶಿಬಿರಗಳು ನಿಂತುಹೋದ ಮೇಲೆ ಎಷ್ಟೋ ತಿಂಗಳು ಒಬ್ಬರ ಮುಖ ಒಬ್ಬರು ಕಾಣದಿದ್ದಾಗ ನಮಗೆ ಈ ಮಾತು ನೆನಪಾಗುತ್ತಿತ್ತು.

ಕಾಣದಿದ್ದರೂ ಬಳಗ ಚದುರಲಿಲ್ಲ. ಮೊದಲು ಅಂತರ್ದೇಶೀಯ ಪತ್ರ, ಆಮೇಲೆ ದೂರವಾಣಿ, ಈಗ ಕೈಯಲ್ಲಿನ ಮೊಬೈಲು ನಮ್ಮನ್ನು ಬೆಸೆದಿವೆ. ಒಬ್ಬರ ಮನೆಯ ಮದುವೆಗೆ ಉಳಿದವರು ಎರಡು ದಿನ ಮೊದಲೇ ಹೋಗಿ ಚಪ್ಪರಕ್ಕೆ ಕೈ ಹಚ್ಚುವರು. ಅಕ್ಕೋರು ಸೋಬಾನ ಹಾಡುವರು. ನಮ್ಮ ತಂದೆಯವರು ಬೆಳಗಾವಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಚಿತ್ರಕಲಾ ಮಾಸ್ತರರು ಒಂಬತ್ತು ರಾತ್ರಿ ಅವರ ಬಳಿ ಎಚ್ಚರಿದ್ದರು. ರಕ್ತಸಂಬಂಧಿಗಳು ಎರಡು ಗಳಿಗೆ ಕುಳಿತು ಎದ್ದು ಹೋದ ಕಡೆ ಹದಿನೈದು ದಿನಗಳ ಶಿಬಿರದ ಗೆಳೆಯರು ನಿಂತುಕೊಂಡರು. ಕೂಡಿ ದುಡಿದವರ ಸ್ನೇಹ ಇಂಥದು. ಒಬ್ಬರ ನಿದ್ದೆಗೆಟ್ಟ ಮುಖ, ಸಿಟ್ಟು, ಹಸಿವು ಎಲ್ಲವನ್ನೂ ಕಂಡ ಬಳಿಕ ಮುಚ್ಚುಮರೆಗೆ ಎಡೆಯೆಲ್ಲಿ?

2019ರ ಆಗಸ್ಟ್ ತಿಂಗಳಲ್ಲಿ ಆ ಸ್ನೇಹಕ್ಕೆ ಪರೀಕ್ಷೆ ಬಂದಿತು. ಮಲಪ್ರಭೆ ಉಕ್ಕಿ, ನವಿಲುತೀರ್ಥದಿಂದ ಬಿಟ್ಟ ನೀರು ಮುನವಳ್ಳಿ, ರಾಮದುರ್ಗಗಳ ತಗ್ಗಿನ ಓಣಿಗಳನ್ನೂ ದಂಡೆಯ ಹಳ್ಳಿಗಳನ್ನೂ ಹೊಕ್ಕಿತು. ಡ್ರಿಲ್ ಮಾಸ್ತರರ ಮನೆಯಲ್ಲಿ ಎದೆಮಟ್ಟ ನೀರು ನಿಂತಿತು. ಅದೇ ದಿನ ಬಳಗದವರೆಲ್ಲ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಿದರು. ನೀರಿಳಿದ ಮೂರನೆಯ ದಿನ ಬೈಲಹೊಂಗಲದಿಂದ ಜೋಳ, ಕಿತ್ತೂರಿನಿಂದ ಹಾಸಿಗೆ-ಹೊದಿಕೆ ಬಂದವು. ನಾವು ಐವರು ಸಲಿಕೆ ಹಿಡಿದು ಅವರ ಪಡಸಾಲೆಯ ಕೆಸರು ತೆಗೆದೆವು. ಗೋಡೆಯ ಮೇಲಿದ್ದ ಶಿಬಿರದ ಭಾವಚಿತ್ರ ನೀರಿನಲ್ಲಿ ಹಾಳಾಗಿತ್ತು. “ಹೋಗಲಿ ಬಿಡ್ರಿ, ಚಿತ್ರದಾಗಿನ ಮಂದಿ ಬಂದೀರಲ್ಲ” ಎಂದು ಮಾಸ್ತರರು ಕಣ್ಣೊರೆಸಿಕೊಂಡರು. ಅಂದು ಮನೆಗೆ ಮರಳುವಾಗ ನಮ್ಮ ಬಳಗದ ಬಗ್ಗೆ ನಮಗೆ ಹೆಮ್ಮೆಯೆನಿಸಿದ್ದು ಸುಳ್ಳಲ್ಲ.

2024ರ ಅಕ್ಟೋಬರಿನಲ್ಲಿ ಕಿತ್ತೂರು ವಿಜಯಕ್ಕೆ 200 ವರ್ಷ ತುಂಬಿತು. 1824ರ ಅಕ್ಟೋಬರ್ 23ರಂದು ಥ್ಯಾಕರೆಯ ಸೈನ್ಯವನ್ನು ಸೋಲಿಸಿದ ಆ ದಿನದ ನೆನಪಿನ ಉತ್ಸವಕ್ಕೆ ಬಳಗವೆಲ್ಲ ಬರಬೇಕೆಂದು ಗೊತ್ತು ಮಾಡಿದೆವು. ಹನ್ನೊಂದು ಜನರಲ್ಲಿ ಇಬ್ಬರು ಲಿಂಗೈಕ್ಯರಾಗಿದ್ದರು. ಒಬ್ಬರು ಪುಣೆಯಲ್ಲಿ ಮಗನ ಬಳಿ ಇದ್ದರು. ಎಂಟು ಜನ ಕೂಡಿದೆವು. ಊಟದ ಹೊತ್ತಿಗೆ ಚಿತ್ರಕಲಾ ಮಾಸ್ತರರ ಮನೆಯಲ್ಲಿ ಎಲ್ಲರೂ ಪಂಕ್ತಿಯಾಗಿ ಕುಳಿತಾಗ ಅಕ್ಕೋರು ತಮ್ಮ ಸಂಚಿಯಿಂದ ಅದೇ ಭಾವಚಿತ್ರದ ತಮ್ಮ ಪ್ರತಿಯನ್ನು ತೆಗೆದರು. ಒಬ್ಬೊಬ್ಬರ ಮುಖವನ್ನೂ ಬೆರಳಿಟ್ಟು ಗುರುತಿಸಿದ ಮೇಲೆ, “ಇದರಾಗ ಅಡಗಿ ಅವ್ವ ಎಲ್ಲ್ಯದಾಳ?” ಎಂದು ಕೇಳಿದರು.

ಯಾರೂ ಮಾತಾಡಲಿಲ್ಲ. ಭಾವಚಿತ್ರ ತೆಗೆದದ್ದು ಮುಂಜಾನೆ ಹನ್ನೊಂದು ಗಂಟೆಗೆ. ಆ ಹೊತ್ತಿನಲ್ಲಿ ಅವ್ವ ಒಲೆಯ ಮುಂದೆ ಇರದೆ ಎಲ್ಲಿರಬೇಕು? ಎಂಟು ಬೇಸಿಗೆ ಎಪ್ಪತ್ತು ಮಕ್ಕಳಿಗೂ ನಮಗೂ ರೊಟ್ಟಿ ಬಡಿದು, ಝುಣಕ, ಪುಂಡಿಪಲ್ಯ ಮಾಡಿ ಬಡಿಸಿದವರು ಮುನವಳ್ಳಿಯ ಕಡೆಯ ಆ ತಾಯಿ. ಬಾವಿಯಿಂದ ಕೊಡಗಟ್ಟಲೆ ನೀರು ಹೊತ್ತವರು ಅವರ ಯಜಮಾನರು. ಮಕ್ಕಳು ಅವರನ್ನು ಕಾಕಾ ಎನ್ನುತ್ತಿದ್ದರು. ಮನೆಗೆ ಬಂದು ನಾವು ಹಳೆಯ ಪೆಟ್ಟಿಗೆಯಿಂದ ಶಿಬಿರದ ಪುಸ್ತಕಗಳನ್ನು ತೆಗೆದು ನೋಡಿದೆವು. ಹಾಜರಿ ಪುಸ್ತಕದಲ್ಲಿ ಹನ್ನೊಂದು ಹೆಸರುಗಳು. ಖರ್ಚಿನ ಪುಸ್ತಕದಲ್ಲಿ ಮಾತ್ರ, ಕಟ್ಟಿಗೆ ಮತ್ತು ಸೀಮೆಎಣ್ಣೆಗಳ ಕೆಳಗೆ, “ಅಡುಗೆ ಮತ್ತು ನೀರಿನ ಕೂಲಿ” ಎಂದು ಒಂದು ಸಾಲು. ಎಂಟು ವರ್ಷವೂ ಹಾಗೆಯೇ. ಅಕ್ಷರ ನಮ್ಮದೇ.

ಮುಂದಿನ ವಾರವೇ ನಾವು, ಡ್ರಿಲ್ ಮಾಸ್ತರರು, ಅಕ್ಕೋರು ಮೂವರೂ ಕೂಡಿ ಅವರ ಹಳ್ಳಿಗೆ ಹೋದೆವು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವ್ವ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಗುರುತು ಹತ್ತಿದ ಕೂಡಲೇ ಅವರು ಕೇಳಿದ್ದು, “ಉಂಡೀರೇನ್ರಿ?” ಎಂದು.

ಒಳಗೆ ಕುಳಿತ ಮೇಲೆ ಮಾತು ಹೊರಟಿತು. ಮೂವತ್ತು ವರ್ಷಗಳ ಹಿಂದಿನ ಮಕ್ಕಳಲ್ಲಿ ಯಾರು ಖಾರ ತಿನ್ನುತ್ತಿರಲಿಲ್ಲ, ಯಾರು ಮನೆಯ ನೆನಪಾಗಿ ತಾಟು ಬಿಟ್ಟು ಏಳುತ್ತಿದ್ದರು ಎಂಬುದೆಲ್ಲ ಅವ್ವನಿಗೆ ನೆನಪಿತ್ತು. ನಮ್ಮತ್ತ ತಿರುಗಿ, “ಮಾಸ್ತರ್ರ, ಒಂದು ಬೊಗಸಿ ಬ್ಯಾಳಿ ಹೆಚ್ಚ ಕೊಡ್ರಿ ಅಂದ್ರ, ಲೆಕ್ಕಾ ತಪ್ಪತೈತಿ ಅಂತಿದ್ರಿ” ಎಂದು ನಕ್ಕರು. ನಮಗೆ ನಗು ಬರಲಿಲ್ಲ.

ಅಕ್ಕೋರು ಪ್ರವಾಹದ ವಿಷಯ ಎತ್ತಿದರು. “ಬಂತ್ರಿ ನೀರು. ಹಿತ್ತಲ ಗ್ವಾಡಿ ಕುಂತ ಬಿಡ್ತು. ಹನ್ನೆರಡ ದಿನ ಸಾಲ್ಯಾಗ ಇದ್ವಿ. ಅಲ್ಲೆರೆ ಏನು, ಊರ ಮಂದಿಗೆ ಅಡಗಿ ನಾನ ಮಾಡಿದ್ನಿ” ಎಂದರು ಅವ್ವ. ತುಸು ತಡೆದು, “ಇವರ ಕಾಕಾ ಮಾತ್ರ ದಿನಾ ಒಂದ ಮಾತ ಅಂತಿದ್ರು. ರಾಮದುರ್ಗದ ಮಾಸ್ತರ ಮನಿ ಹೊಳಿ ದಂಡಿಗೇ ಐತಿ, ಅವರದ ಏನಾತೋ ಯಾಂಬಲ್ಲ, ಅಂತ” ಎಂದರು.

ಡ್ರಿಲ್ ಮಾಸ್ತರರು ತಲೆ ತಗ್ಗಿಸಿದರು. ರಾಮದುರ್ಗಕ್ಕೆ ಜೋಳ ಒಯ್ಯುವಾಗ ನಮ್ಮ ಗಾಡಿ ಆ ಹಳ್ಳಿಯ ಅಗಸೆಯ ಮುಂದಿನ ರಸ್ತೆಯಲ್ಲಿಯೇ ಹಾದುಹೋಗಿತ್ತು. ಇಳಿದು ಕೇಳಬೇಕೆಂದು ನಮ್ಮಲ್ಲಿ ಒಬ್ಬರಿಗೂ ತೋಚಿರಲಿಲ್ಲ. ಕಾಕಾ 2022ರಲ್ಲಿ ತೀರಿಕೊಂಡರೆಂದು ಅಂದೇ ನಮಗೆ ತಿಳಿಯಿತು.

“ನೆನಪ ಮಾಡಿಕೊಂಡ ಬಂದ್ರಿ, ಛಲೋ ಆತು. ಅವರ ಇದ್ದಾಗ ಬಂದಿದ್ರ ಇನ್ನೂ ಛಲೋ ಆಗತಿತ್ತು” ಎಂದು ಅವ್ವ ನೀರಿನ ತಂಬಿಗೆ ಮುಂದಿಟ್ಟರು. ಅದರಲ್ಲಿ ದೂರುವ ದನಿಯಿರಲಿಲ್ಲ. ಇದ್ದಿದ್ದರೆ ನಮಗೆ ಹಗುರವಾಗುತ್ತಿತ್ತೇನೋ.

ಓದುಗ ಬಂಧುಗಳೆ, ದಾಸೋಹದ ಮಾತನ್ನು ನಮಗಿಂತ ಹೆಚ್ಚು ಆಡಿದವರು ಯಾರು? ಮಕ್ಕಳಿಗೆ ಕಾಯಕದ ಹಿರಿಮೆಯನ್ನು ಹದಿನೈದು ದಿನವೂ ಬೋಧಿಸಿದೆವು. ಆದರೆ ಬಡಿಸಿದ ಕೈಯನ್ನು ಬಳಗದೊಳಗೆ ಎಣಿಸಲಿಲ್ಲ. ದುರುದ್ದೇಶದಿಂದ ಬಿಟ್ಟದ್ದಲ್ಲ, ಮರೆತದ್ದು. ಮರೆತದ್ದೆಂಬುದು ನೆಪವಾಗಬಹುದೇ ಹೊರತು ಸಮಾಧಾನವಾಗಲಾರದು. ಸ್ನೇಹವೆಂಬುದು ತಾನಾಗಿ ಉಳಿಯುವುದಿಲ್ಲ. ಯಾರ ಹೆಸರನ್ನು ಬರೆದಿಡುತ್ತೇವೆಯೋ, ಯಾರ ಮನೆಯ ಬಾಗಿಲಿಗೆ ಹೋಗುತ್ತೇವೆಯೋ ಅವರೊಡನೆ ಅದು ಉಳಿಯುತ್ತದೆ. ನಮ್ಮ ಹನ್ನೊಂದು ಜನರ ಸ್ನೇಹ ಉಳಿದದ್ದು ನಮ್ಮ ಗುಣದಿಂದಷ್ಟೇ ಅಲ್ಲ; ನಮ್ಮ ಕೈಯಲ್ಲಿ ಒಬ್ಬರಿನ್ನೊಬ್ಬರ ವಿಳಾಸವಿತ್ತು.

ಈಗ ಊರೂರಿಗೆ ಬೇಸಿಗೆ ಶಿಬಿರಗಳಾಗಿವೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥವು ನಾಡಿಗೇ ಹೆಸರಾಗಿವೆ. ಈ ಬೇಸಿಗೆಯಲ್ಲಿ ಶಿಬಿರ ನಡೆಸುವ ತರುಣ-ತರುಣಿಯರಿಗೆ ನಮ್ಮ ಬಿನ್ನಹ ಇಷ್ಟೆ. ಕೊನೆಯ ದಿನ ಭಾವಚಿತ್ರ ತೆಗೆಯುವ ಮೊದಲು ಒಲೆಯನ್ನು ಒಂದು ಗಳಿಗೆ ಆರಿಸಿ, ಅಡುಗೆಯವರನ್ನೂ ನೀರು ತಂದವರನ್ನೂ ರಾತ್ರಿ ಕಾವಲಿದ್ದವರನ್ನೂ ಕರೆದು ನಡುವೆ ನಿಲ್ಲಿಸಿರಿ. ಅವರ ಹೆಸರು, ಊರುಗಳನ್ನು ಬರೆದಿಟ್ಟುಕೊಳ್ಳಿರಿ. ಮದುವೆ, ಜಾತ್ರೆ, ಶಾಲೆಯ ಹಬ್ಬಗಳನ್ನು ಮಾಡುವ ಮನೆತನಗಳಿಗೂ ಇದೇ ಮಾತು ಸಲ್ಲುತ್ತದೆ.

2025ರ ಬೇಸಿಗೆಯಲ್ಲಿ ನಮ್ಮ ಬಳಗ ಅವ್ವನ ಮನೆಯ ಅಂಗಳದಲ್ಲಿ ಕೂಡಿತು. ಒಲೆ ಹೊತ್ತಿಸಿದವರು ಡ್ರಿಲ್ ಮಾಸ್ತರರು. ನೀರು ತಂದವರು ನಾವು. ರೊಟ್ಟಿಗಳು ದುಂಡಗಾಗಲಿಲ್ಲವೆಂದು ಅವ್ವ ಕುಳಿತಲ್ಲಿಂದಲೇ ಅಕ್ಕೋರನ್ನು ತಿದ್ದುತ್ತಿದ್ದರು. ಊಟವಾದ ಮೇಲೆ ಹಾಜರಿ ಪುಸ್ತಕವನ್ನು ತೆರೆದು, ಹನ್ನೊಂದರ ಕೆಳಗೆ ಎರಡು ಹೆಸರು ಬರೆದೆವು. ಈಗ ನಮ್ಮ ಬಳಗದಲ್ಲಿ ಹದಿಮೂರು ಜನ.